ಆಸ್ಪತ್ರೆ ಮುಚ್ಚಿದ ಮೇಲೆ ಆ ಜಾಗಕ್ಕೆ ಯಾರು ಹೊಣೆ?

ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿರುವ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗಬೇಕಾದಾಗ ಹಳಬರು ಇವತ್ತಿಗೂ ಆಟೋದವರಿಗೆ ‘ಪಿ.ಕೆ. ಸ್ಯಾನಟೋರಿಯಂ’ ಎಂದೇ ಹೇಳುವುದುಂಟು. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡಿದ್ದರು. ಅವರ ಹೆಸರಿನಲ್ಲಿ ಕಟ್ಟಿಸಿದ ಕ್ಷಯರೋಗ ಆಸ್ಪತ್ರೆ ಅದು. ಅಂಟುರೋಗದ ಆಸ್ಪತ್ರೆ ಎಂದು ಊರಾಚೆ ಇಟ್ಟರು. ಊರು ಬೆಳೆದು ಅದನ್ನು ಒಳಗೆ ಎಳೆದುಕೊಂಡಿತು, ಅದರ ವಿಸ್ತಾರವಾದ ಆವರಣದಲ್ಲೇ ಜಯದೇವ ಎದ್ದು ನಿಂತಿತು. ಸರ್ಕಾರದ ಜಾಗ, ಆಸ್ಪತ್ರೆಯಿಂದ ಆಸ್ಪತ್ರೆಗೇ ಹೋಯಿತು, ಹೆಚ್ಚು ತಕರಾರಿಗೆ ಎಡೆಯಿಲ್ಲ.

ಅದೇ ಮೈಸೂರಿನ ಅಗ್ರಹಾರದಂಥ ಕಡೆ ಲೆಕ್ಕ ಅಷ್ಟು ಸಲೀಸಲ್ಲ. ನೂರೊಂದು ಗಣಪತಿ ದೇವಸ್ಥಾನದ ಸುತ್ತಮುತ್ತ, ರಾಮಾನುಜ ರಸ್ತೆಯ ಅಡ್ಡರಸ್ತೆಗಳಲ್ಲಿ, ವಾಣಿವಿಲಾಸ ಮಾರುಕಟ್ಟೆಯ ಆಚೀಚೆ ಮನೆಗೆ ಮನೆ ಅಂಟಿಕೊಂಡಿದೆ. ಇಂಥ ಬೀದಿಯಲ್ಲಿ ಒಂದು ನರ್ಸಿಂಗ್ ಹೋಮೋ ಹೆರಿಗೆ ಆಸ್ಪತ್ರೆಯೋ ಬಾಗಿಲು ಹಾಕಿತೆಂದರೆ, ಒಳಗೆ ಏನು ಉಳಿದಿದೆ, ಮುಂದೆ ಅಲ್ಲಿ ಏನು ಬರುತ್ತದೆ ಎಂಬ ಎರಡೂ ಪ್ರಶ್ನೆ ಪಕ್ಕದ ಗೋಡೆಯವರನ್ನು ನೇರವಾಗಿ ತಟ್ಟುತ್ತವೆ. ತೊಂದರೆಯೆಂದರೆ, ಮೊದಲ ಪ್ರಶ್ನೆಯ ಕಡತ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿರುತ್ತದೆ, ಎರಡನೆಯದು ಯೋಜನಾ ಪ್ರಾಧಿಕಾರದಲ್ಲಿ. ಇವೆರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡುವ ಅಧಿಕಾರಿ ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ‘ಶುಚಿಯಾಗಿದೆ ಎಂಬ ಕಾಗದ ಬರದೆ ಹೊಸ ನಕ್ಷೆಗೆ ಒಪ್ಪಿಗೆ ಕೊಡಬೇಡಿ’ ಎಂದು ಎರಡೂ ಕಚೇರಿಗೆ ಬರೆದು ಕೊಡುವ ಕೆಲಸ ನೆರೆಹೊರೆಯವರದೇ. ಅದಕ್ಕೆ ಬೇಕಾದ ಅಸ್ತ್ರಗಳು ಕಾನೂನಿನಲ್ಲಿವೆ, ಆದರೆ ಚದುರಿ ಹೋಗಿವೆ.

ಜಾಗದ ಹಕ್ಕು ಯಾರದು ಎಂಬಲ್ಲಿಂದ ಶುರುಮಾಡಬೇಕು. ಆರೋಗ್ಯ ಇಲಾಖೆಯದೋ, ವೈದ್ಯಕೀಯ ಶಿಕ್ಷಣ ಇಲಾಖೆಯದೋ, ಪಾಲಿಕೆಯದೋ, ಟ್ರಸ್ಟಿನದೋ, ಖಾಸಗಿಯವರದೋ? ಪಾಲಿಕೆಯಲ್ಲಿ ಖಾತೆ, ಉಪನೋಂದಣಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರ (ಕಾವೇರಿ ಜಾಲತಾಣದಲ್ಲೂ ಸಿಗುತ್ತದೆ), ನಗರ ಮಾಪನ ಕಚೇರಿಯ ದಾಖಲೆ, ಈ ಮೂರನ್ನೂ ಹಿಡಿದು ಕೂತರೆ ಅರ್ಧ ಕಥೆ ತಿಳಿಯುತ್ತದೆ. ಸರ್ಕಾರ ಒಂದು ಸಾರ್ವಜನಿಕ ಉದ್ದೇಶಕ್ಕೆಂದು ಕಾಯ್ದಿರಿಸಿದ ಜಮೀನಾಗಿದ್ದರೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 71ನೇ ಕಲಮು ಅನ್ವಯಿಸುತ್ತದೆ. ಜಿಲ್ಲಾಧಿಕಾರಿಯ ಮಂಜೂರಾತಿ ಇಲ್ಲದೆ ಅದನ್ನು ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಟ್ರಸ್ಟಿಗೆ ಆಸ್ಪತ್ರೆಗೆಂದೇ ಮಂಜೂರಾದ ಜಾಗವಾದರೆ ಮಂಜೂರಾತಿ ಆದೇಶದ ಷರತ್ತುಗಳನ್ನು ಓದಲೇಬೇಕು. ‘ಆಸ್ಪತ್ರೆ ಉದ್ದೇಶಕ್ಕೆ ಮಾತ್ರ’ ಎಂಬ ಒಂದು ಸಾಲು ಅಲ್ಲಿದ್ದರೆ ಇಡೀ ಚರ್ಚೆಯ ದಿಕ್ಕೇ ಬದಲಾಗುತ್ತದೆ.

ಮಾಲೀಕರು ಯಾರೆಂಬುದು ಎಷ್ಟು ಮುಖ್ಯ ಎಂಬುದಕ್ಕೆ ಕೆ.ಜಿ.ಎಫ್. ನೋಡಿ. 2001ರ ಫೆಬ್ರುವರಿ 28ಕ್ಕೆ ಚಿನ್ನದ ಗಣಿ ನಿಂತಾಗ ಅದನ್ನು ನಡೆಸುತ್ತಿದ್ದ ಬಿ.ಜಿ.ಎಂ.ಎಲ್. ಕಂಪನಿಯ ಆಸ್ಪತ್ರೆಯೂ ನಿಂತಿತು. ಜಾಗ ಕೇಂದ್ರ ಸರ್ಕಾರದ ಕಂಪನಿಯದು, ನಗರಸಭೆ ಅದರ ಮೇಲೆ ಯೋಜನೆ ಮಾಡುವಂತಿಲ್ಲ. ಎರಡು ದಶಕ ಬೀಗ ಬಿದ್ದಿದ್ದ ಆ ಕಟ್ಟಡವನ್ನು 2021ರ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ಸ್ವಯಂಸೇವಕರು ಸೇರಿ ತೊಳೆದು ಬಳಿದು ಚಿಕಿತ್ಸಾ ಕೇಂದ್ರ ಮಾಡಿದರು. ಕೆಲವೇ ವಾರದಲ್ಲಿ ಆದ ಕೆಲಸ ಅದಕ್ಕೆ ಮುಂಚಿನ ಇಪ್ಪತ್ತು ವರ್ಷದಲ್ಲಿ ಆಗಲಿಲ್ಲ.

ಇನ್ನು ಒಳಗೆ ಉಳಿದಿರುವುದರ ವಿಚಾರ. ಇಲ್ಲಿ ಸ್ವಲ್ಪ ನಿಂತು ನೋಡಬೇಕು.

1985ರಲ್ಲಿ ಬ್ರೆಜಿಲಿನ ಗೊಯಾನಿಯಾ ನಗರದ ಒಂದು ರೇಡಿಯೋಥೆರಪಿ ಕೇಂದ್ರ ಬೇರೆ ಕಡೆಗೆ ಹೋಯಿತು, ಹಳೆಯ ಯಂತ್ರವನ್ನು ಪಾಳುಕಟ್ಟಡದಲ್ಲೇ ಬಿಟ್ಟು. 1987ರ ಸೆಪ್ಟೆಂಬರಿನಲ್ಲಿ ಗುಜರಿಗೆಂದು ಇಬ್ಬರು ಅದರ ಭಾಗವನ್ನು ಕಿತ್ತೊಯ್ದರು. ಅದರೊಳಗಿನ ಸೀಸಿಯಂ-137 ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತಂತೆ, ನೋಡಿದವರು ಬೆರಗಾಗಿ ಮನೆಮನೆಗೆ ಹಂಚಿಕೊಂಡರು. 249 ಜನರಿಗೆ ವಿಕಿರಣ ಅಂಟಿತು, ನಾಲ್ವರು ಸತ್ತರು. ನಮ್ಮಲ್ಲೂ 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ಹರಾಜು ಹಾಕಿದ ಹಳೆ ಉಪಕರಣದಲ್ಲಿದ್ದ ಕೋಬಾಲ್ಟ್-60 ಮಾಯಾಪುರಿಯ ಗುಜರಿ ಮಾರುಕಟ್ಟೆ ಸೇರಿ ಒಬ್ಬರ ಜೀವ ತೆಗೆದಿದೆ. ಎಕ್ಸ್‌ರೇ ಯಂತ್ರಕ್ಕೆ ಕರೆಂಟು ಕೊಡದಿದ್ದರೆ ಅದರಿಂದ ವಿಕಿರಣ ಬರುವುದಿಲ್ಲ, ಅಷ್ಟಕ್ಕೇ ಗಾಬರಿಯಾಗಬೇಕಿಲ್ಲ. ಕೋಬಾಲ್ಟ್, ಸೀಸಿಯಂ ಹಾಗಲ್ಲ, ಅವುಗಳಿಗೆ ಸ್ವಿಚ್ ಇಲ್ಲ. ಎರಡೂ ಬಗೆಯವಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮ ಅನ್ವಯಿಸುತ್ತದೆ. ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದ್ದ ಆಸ್ಪತ್ರೆಯಾಗಿದ್ದರೆ, ವಿಕಿರಣ ಮೂಲವನ್ನು ಅಧಿಕೃತವಾಗಿ ಮರಳಿಸಿದ ದಾಖಲೆ ಎಲ್ಲಿದೆ ಎಂಬುದೇ ಮೊದಲ ಪ್ರಶ್ನೆಯಾಗಬೇಕು.

ದಿನನಿತ್ಯದ ಆಸ್ಪತ್ರೆ ಕಸಕ್ಕೆ 2016ರ ಜೀವವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಿವೆ. ಸಂಸ್ಕರಿಸದ ಕಸವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. 75 ಕಿಲೋಮೀಟರ್ ಒಳಗೆ ಸಾಮೂಹಿಕ ಸಂಸ್ಕರಣಾ ಘಟಕವಿದ್ದರೆ ಆವರಣದಲ್ಲೇ ಸ್ವಂತ ಘಟಕ ಹಾಕಿಕೊಳ್ಳುವಂತಿಲ್ಲ, ಹೂಳುವುದಂತೂ ದೂರದ ಮಾತು. ಐದು ವರ್ಷದ ದಾಖಲೆ ಇಡಬೇಕು. ಪ್ರತಿ ವರ್ಷ ಜೂನ್ 30ರೊಳಗೆ ವಾರ್ಷಿಕ ವರದಿ ಸಲ್ಲಿಸಬೇಕು. ಹಾಗಾಗಿ ಆಸ್ಪತ್ರೆಯ ಕೊನೆಯ ವರ್ಷದ ವರದಿ ಕೇಳಿ ತೆಗೆಸಿ. ಎಷ್ಟು ಕಸ ಹೋಯಿತು, ಯಾವ ಘಟಕಕ್ಕೆ ಹೋಯಿತು ಎಂಬುದು ಅದರಲ್ಲಿರುತ್ತದೆ. ಆದರೆ ಮೊದಲ ನಿಯಮ ಬಂದದ್ದೇ 1998ರಲ್ಲಿ. ಅದಕ್ಕೂ ಹಿಂದಿನ ಆಸ್ಪತ್ರೆಯಾಗಿದ್ದರೆ ಹಿತ್ತಿಲಿನ ಗುಂಡಿಯಲ್ಲಿ ಏನಿದೆ ಎಂಬುದಕ್ಕೆ ಕಾಗದ ಸಿಗಲಿಕ್ಕಿಲ್ಲ, ಮಣ್ಣನ್ನೇ ಪರೀಕ್ಷಿಸಬೇಕು.

ಆ ಮಣ್ಣಿಗೆ ಈಗ ಹೊಸ ನಿಯಮವೊಂದಿದೆ. ಕಲುಷಿತ ಸ್ಥಳಗಳ ನಿರ್ವಹಣೆಗೆಂದು ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮ ಹೊರಡಿಸಿತು. ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಶಂಕಿತ ಸ್ಥಳಗಳ ವರದಿ ಕೊಡಬೇಕು. 90 ದಿನದಲ್ಲಿ ಪ್ರಾಥಮಿಕ ಪರಿಶೀಲನೆ, ಆಮೇಲೆ ಮೂರು ತಿಂಗಳಲ್ಲಿ ವಿವರವಾದ ಸಮೀಕ್ಷೆ. ವಿಷ ಮಿತಿ ಮೀರಿದೆ ಎಂದಾದರೆ ಆ ಜಾಗವನ್ನು ಬಹಿರಂಗವಾಗಿ ಪ್ರಕಟಿಸಿ, ಓಡಾಟ ನಿರ್ಬಂಧಿಸಿ, ಶುಚಿ ಮಾಡುವ ಯೋಜನೆ ರೂಪಿಸಬೇಕು. ಕೆಡಿಸಿದವರು ಯಾರೆಂದು ಹುಡುಕಿ ಖರ್ಚು ಅವರಿಂದಲೇ ವಸೂಲಿ ಮಾಡಬೇಕು, ಅದು ಆಗದಿದ್ದರೆ ಸರ್ಕಾರಗಳು ಭರಿಸಬೇಕು. ಹಳೆ ಆಸ್ಪತ್ರೆಗಳೆಲ್ಲ ಈ ಪಟ್ಟಿಗೆ ಬರುತ್ತವೆ ಎಂದಲ್ಲ. ಪಾದರಸ, ರಾಸಾಯನಿಕ, ಹಳೆ ಎಣ್ಣೆ ಟ್ಯಾಂಕು, ಪ್ರಯೋಗಾಲಯದ ಚರಂಡಿ ಇದ್ದ ಕಡೆ ‘ಶಂಕಿತ ಸ್ಥಳವೆಂದು ಪರಿಗಣಿಸಿ’ ಎಂದು ಜಿಲ್ಲಾಧಿಕಾರಿಗೆ ಒಂದು ಮನವಿ ಕೊಡಲು ಅಡ್ಡಿಯಿಲ್ಲ. ನನ್ನ ಮಟ್ಟಿಗೆ ಇದು ಇನ್ನೂ ಯಾರೂ ಸರಿಯಾಗಿ ಎತ್ತಿಕೊಳ್ಳದ ಬಾಗಿಲು. ವಿಕಿರಣ ವಸ್ತು ಮಾತ್ರ ಈ ನಿಯಮದ ಹೊರಗೆ, ಅದಕ್ಕೆ ಮೇಲೆ ಹೇಳಿದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯೇ.

ಕೆಡವುವ ಹಂತದಲ್ಲಿ ಮೂರು ಸಂಗತಿ ಕಣ್ಣಲ್ಲಿಡಬೇಕು. ಹಳೆಯ ಸೆಪ್ಟಿಕ್ ಟ್ಯಾಂಕಿಗೆ ಸುರಕ್ಷಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದು 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆಯಡಿ ಅಪರಾಧ. ಸಾವು ಸಂಭವಿಸಿದರೆ 30 ಲಕ್ಷ ರೂಪಾಯಿ ಪರಿಹಾರ ಎಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಗುತ್ತಿಗೆದಾರ ಹಾಗೆ ಇಳಿಸುವುದು ಕಂಡರೆ ತಕ್ಷಣ ಪೊಲೀಸರಿಗೂ ಪಾಲಿಕೆಗೂ ತಿಳಿಸಿ. ಎರಡನೆಯದು ಮರ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು, ಐವತ್ತಕ್ಕೂ ಹೆಚ್ಚು ಮರಗಳಾದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯಲ್ಲಿ ನಲವತ್ತು ಮರ ಉರುಳಿದಾಗ ಮೈಸೂರಿನವರಿಗೆ ಈ ಕಾಯ್ದೆಯ ಹೆಸರು ಚೆನ್ನಾಗಿ ಬಾಯಿಪಾಠವಾಯಿತು. ಐವತ್ತರ ಗೆರೆ ಎಷ್ಟು ಅನುಕೂಲಕರ ಗೆರೆ ಎಂದು ಆಗ ಅನ್ನಿಸಿದ್ದು ಸುಳ್ಳಲ್ಲ. ಮೂರನೆಯದು ಹಳೆ ರೋಗಿಗಳ ಕಡತ. ಹೆಸರು, ರೋಗ, ವಿಳಾಸವಿರುವ ಕೇಸ್ ಶೀಟುಗಳು ಗುಜರಿ ಅಂಗಡಿಯಲ್ಲಿ ಪೊಟ್ಟಣವಾಗಬಾರದು. 2002ರ ವೈದ್ಯಕೀಯ ಮಂಡಳಿ ನಿಯಮದಂತೆ ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಕಾಯ್ದಿಡಬೇಕು, ರೋಗಿ ಕೇಳಿದರೆ 72 ಗಂಟೆಯಲ್ಲಿ ಕೊಡಬೇಕು. ಆಸ್ಪತ್ರೆ ಮುಚ್ಚುವ ಸುದ್ದಿ ತಿಳಿದ ಕೂಡಲೇ ನಿಮ್ಮ ಪ್ರತಿ ಪಡೆದುಕೊಳ್ಳಿ.

ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪಾರಂಪರಿಕ ಸಮಿತಿಯ ಮುಂದೆ ಹೋಗಬೇಕಾಗುತ್ತದೆ. ಲ್ಯಾನ್ಸ್‌ಡೌನ್ ಕಟ್ಟಡ, ದೇವರಾಜ ಮಾರುಕಟ್ಟೆಗಳನ್ನು ಕೆಡವಬೇಕೋ ಉಳಿಸಬೇಕೋ ಎಂಬ ಜಗಳ ಕಂಡ ಮೈಸೂರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಎರಡನೇ ಕಡತ, ಯೋಜನಾ ಪ್ರಾಧಿಕಾರದ್ದು. ಮೈಸೂರಿನ ಮಹಾಯೋಜನೆಯಲ್ಲಿ ಪ್ರತಿ ಜಾಗಕ್ಕೂ ಒಂದು ಬಣ್ಣವಿದೆ: ವಸತಿ, ವಾಣಿಜ್ಯ, ಸಾರ್ವಜನಿಕ ಮತ್ತು ಅರೆಸಾರ್ವಜನಿಕ, ಹೀಗೆ. ಆಸ್ಪತ್ರೆಗೆಂದು ಗುರುತಿಸಿದ ಜಾಗದಲ್ಲಿ ಮಳಿಗೆ ಕಟ್ಟಬೇಕಾದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮಿನಡಿ ಭೂಬಳಕೆ ಬದಲಾವಣೆ ಆಗಬೇಕು. ಅದು ಸಾರ್ವಜನಿಕ ಹಿತಕ್ಕಿರಬೇಕು, ಸರ್ಕಾರದ ಪೂರ್ವಾನುಮತಿ ಬೇಕು, ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ಹದಿನೈದೇ ದಿನ! ಪತ್ರಿಕೆಯ ಒಳಪುಟದ ಇರುವೆಗಾತ್ರದ ಅಕ್ಷರದಲ್ಲಿ ಬರುವ ಪ್ರಕಟಣೆ ಅದು. ಇಡೀ ಮಹಾಯೋಜನೆಯ ಪರಿಷ್ಕರಣೆಯಾದರೆ 60 ದಿನವಿರುತ್ತದೆ. ಬಡಾವಣೆಯ ನಿವಾಸಿಗಳ ಸಂಘದಲ್ಲಿ ಒಬ್ಬರಾದರೂ ಮುಡಾದ (ಈಗ ಮೈಸೂರು ಅಭಿವೃದ್ಧಿ ಪ್ರಾಧಿಕಾರ) ಪ್ರಕಟಣೆಗಳ ಮೇಲೆ ಕಣ್ಣಿಡುವುದು ಒಳ್ಳೆಯದು. ಪಾಲಿಕೆಯ ಚುನಾಯಿತ ಪರಿಷತ್ತಿನ ಅವಧಿ 2023ರ ನವೆಂಬರಿನಲ್ಲಿ ಮುಗಿದು ಆಡಳಿತಾಧಿಕಾರಿ ಬಂದದ್ದು ನೆನಪಿರಲಿ. ಕಾರ್ಪೊರೇಟರ್ ಇಲ್ಲದ ಕಾಲದಲ್ಲಿ ಇಂಥ ಸುದ್ದಿ ಮನೆ ಬಾಗಿಲಿಗೆ ತಾನಾಗಿ ಬರುವುದಿಲ್ಲ.

ಆಕ್ಷೇಪಣೆಯನ್ನು ‘ಇದು ನಮಗೆ ಇಷ್ಟವಿಲ್ಲ’ ಎಂದು ಬರೆದರೆ ಕಡತದಲ್ಲಿ ಕೊಳೆಯುತ್ತದೆ. ರಸ್ತೆ ಅಗಲ ಎಷ್ಟು, ಚರಂಡಿ ತಾಳುತ್ತದೆಯೇ, ಮಣ್ಣು ಪರೀಕ್ಷೆಯಾಗಿದೆಯೇ, ಈ ಬದಲಾವಣೆಯಲ್ಲಿ ಸಾರ್ವಜನಿಕ ಹಿತ ಎಲ್ಲಿದೆ ಎಂದು ಅಂಶವಾರು ಬರೆಯಿರಿ. ಖುದ್ದು ಅಹವಾಲು ಕೇಳಿ ಎಂದು ಸೇರಿಸಿ. ಮುದ್ರೆ, ದಿನಾಂಕ ಇರುವ ಸ್ವೀಕೃತಿ ಪಡೆಯದೆ ಕೌಂಟರ್ ಬಿಡಬೇಡಿ.

‘ನೀವು ಯಾರು ಕೇಳೋಕೆ?’ ಎಂಬ ಮಾತಿಗೆ ಬೆಂಗಳೂರಿನಲ್ಲೇ ಉತ್ತರ ಸಿಕ್ಕಿದೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಮುಖ್ಯಮಂತ್ರಿಯ ನಿರ್ದೇಶನದ ಮೇರೆಗೆ ಖಾಸಗಿ ಟ್ರಸ್ಟಿನ ಆಸ್ಪತ್ರೆಗೆ ಕೊಡಲಾಯಿತು. ಅಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಪ್ರಕರಣದಲ್ಲಿ ಆ ಗೆಲುವನ್ನು ಎತ್ತಿಹಿಡಿಯಿತು: ಬಡಾವಣೆಯ ನಿವಾಸಿಗಳಿಗೆ ಕೇಳುವ ಹಕ್ಕಿದೆ, ಕಾಯ್ದೆ ಕೊಡದ ಅಧಿಕಾರವನ್ನು ಯಾರ ನಿರ್ದೇಶನವೂ ಕೊಡಲಾರದು. ಅದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿ.ಡಿ.ಎ.) ಕಾಯ್ದೆಯಡಿಯ ಪ್ರಕರಣ ನಿಜ. ಅಲ್ಲಿ ಬರಬಾರದಾಗಿದ್ದದ್ದೇ ಆಸ್ಪತ್ರೆ ಎಂಬುದೂ ನಿಜ. ಆದರೂ ತತ್ವ ನಮ್ಮ ಪ್ರಶ್ನೆಗೆ ನೇರ ಒದಗುತ್ತದೆ.

ಕಾಗದ ಹೊರತೆಗೆಸುವ ದಾರಿ ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಕರ್ನಾಟಕದ ನಿಯಮದಲ್ಲಿ ಒಂದು ಕೊಕ್ಕೆಯಿದೆ: ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಆದ್ದರಿಂದ ಕಚೇರಿಗೊಂದು ಅರ್ಜಿ ಹಾಕಿ. ಮಾಲಿನ್ಯ ಮಂಡಳಿಯ ಮೈಸೂರು ಪ್ರಾದೇಶಿಕ ಕಚೇರಿಗೆ ಹೀಗೆ ಬರೆಯಬಹುದು: ‘ಅಗ್ರಹಾರದ ಇಂಥ ರಸ್ತೆಯ, ಇಂಥ ಸಂಖ್ಯೆಯ ಕಟ್ಟಡದಲ್ಲಿ ನಡೆಯುತ್ತಿದ್ದ ಆಸ್ಪತ್ರೆಗೆ ಕೊಟ್ಟ ಜೀವವೈದ್ಯಕೀಯ ತ್ಯಾಜ್ಯ ಅನುಮತಿ ಪತ್ರ, ಕೊನೆಯ ಮೂರು ವಾರ್ಷಿಕ ವರದಿ, ಮುಚ್ಚಿದ ನಂತರ ನಿಮ್ಮ ಅಧಿಕಾರಿಗಳು ನಡೆಸಿದ ಸ್ಥಳ ತಪಾಸಣೆಯ ವರದಿಗಳ ದೃಢೀಕೃತ ಪ್ರತಿ ಕೊಡಿ.’ ತಪ್ಪು ಕಚೇರಿಗೆ ಹೋದರೂ ಐದು ದಿನದಲ್ಲಿ ಸರಿಯಾದ ಕಚೇರಿಗೆ ಅವರೇ ವರ್ಗಾಯಿಸಬೇಕು. ಬಹಳ ಜನ ಬಳಸದ ಎರಡು ಹಕ್ಕುಗಳಿವೆ: 2(ಜೆ) ಕಲಮಿನಂತೆ ಸರ್ಕಾರಿ ಕಾಮಗಾರಿಯನ್ನು ಕಣ್ಣಾರೆ ಪರಿಶೀಲಿಸಿ ವಸ್ತುವಿನ ದೃಢೀಕೃತ ಮಾದರಿ ಪಡೆಯಬಹುದು, ಪಾಲಿಕೆಯ ಜಾಗವಾದರೆ ಮಣ್ಣಿನ ಮಾದರಿಯನ್ನೂ ಕೇಳಿ ನೋಡಬಹುದು. 4(1)(ಡಿ) ಕಲಮಿನಂತೆ ನಿರ್ಧಾರದ ಕಾರಣವನ್ನು ಅದರಿಂದ ಬಾಧಿತರಾದವರಿಗೆ ತಿಳಿಸಲೇಬೇಕು.

ಬರೆದರೂ ಕದಲದಿದ್ದರೆ? ಕಟ್ಟಡ ಬೀಳುವಂತಿದ್ದರೆ ಅಥವಾ ಆವರಣ ಬೀದಿಗೇ ಅಪಾಯವಾಗಿದ್ದರೆ ಉಪವಿಭಾಗಾಧಿಕಾರಿಗೆ ದೂರು ಕೊಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ (ಹಳೆಯ 133) ಸಾರ್ವಜನಿಕ ಉಪದ್ರವ ನಿವಾರಿಸಲು ಅವರು ಆದೇಶ ಹೊರಡಿಸಬಹುದು. ‘ಅನುದಾನವಿಲ್ಲ’ ಎಂಬ ಉತ್ತರವನ್ನು 1980ರ ರತ್ಲಾಂ ಪುರಸಭೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದೆ. ತೀರ್ಪಿನ ಹೆಸರನ್ನು ಅರ್ಜಿಯಲ್ಲೇ ಬರೆಯಿರಿ.

ಪರಿಸರದ ಪ್ರಶ್ನೆ ಇದ್ದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ. ಕರ್ನಾಟಕಕ್ಕೆ ಚೆನ್ನೈನ ದಕ್ಷಿಣ ಪೀಠ. ಪರಿಹಾರ ಕೇಳದ ಅರ್ಜಿಗೆ ಶುಲ್ಕ ಸಾವಿರ ರೂಪಾಯಿ, ವಕೀಲರಿಲ್ಲದೆಯೂ ವಾದಿಸಬಹುದು. ಇಲ್ಲಿ ಗಡುವು ಬಿಗಿ: ವಿವಾದದ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳು, ಸಕಾರಣವಿದ್ದರೆ ಮತ್ತೆ ಅರವತ್ತು ದಿನ, ಅಷ್ಟೇ. ಹಾನಿಗೆ ಪರಿಹಾರ ಅಥವಾ ಜಾಗದ ಪುನಶ್ಚೇತನ ಕೇಳುವುದಾದರೆ ಐದು ವರ್ಷ. ಮಾಹಿತಿ ಹಕ್ಕಿನ ಮೇಲ್ಮನವಿ ಮುಗಿಯಲಿ ಎಂದು ಕಾಯುತ್ತ ಕೂತರೆ ಆ ಆರು ತಿಂಗಳು ಕೈಬಿಟ್ಟು ಹೋಗುತ್ತದೆ, ಎರಡೂ ಜೊತೆಜೊತೆಯಲ್ಲೇ ನಡೆಯಲಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಬೀದಿಯವರೆಲ್ಲ ಸೇರಿ ಅರ್ಜಿ ಹಾಕುವಾಗ ಅಂಥವರೊಬ್ಬರ ಹೆಸರನ್ನು ಮೊದಲ ಅರ್ಜಿದಾರರಾಗಿ ಹಾಕಿಕೊಳ್ಳುವುದನ್ನು ಯೋಚಿಸಬಹುದು.