ಪುಟ್ಟ ಹತಾರ, ದೊಡ್ಡ ಲೆಕ್ಕ



ನಾವು ಕಾಫಿ ತೋಟದ ಸೀಮೆಯವರು. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಹೆಂಗಸರಿಗೆ ಹತಾರ ಹೊಸದಲ್ಲ. ಕತ್ತಿ ಗೊತ್ತು. ಗುದ್ದಲಿ ಗೊತ್ತು. ಹಾರೆ ಗೊತ್ತು. ಇವೆಲ್ಲ ದೊಡ್ಡ ಹತಾರಗಳು.

ಬೆರಳುದ್ದದ ಹತಾರಗಳೂ ಇವೆ. ಕಾಲಿಗೆ ಮುಳ್ಳು ಚುಚ್ಚಿದರೆ ಚಿಮಟ ಬೇಕು. ಎಲೆಯಡಿಕೆ ಚೀಲದಲ್ಲಿ ಪುಟ್ಟ ಅಡಕತ್ತರಿ ಇರುತ್ತದೆ. ಸುಣ್ಣದ ಡಬ್ಬಿ ಇರುತ್ತದೆ. ಇಂಥ ಪುಟ್ಟ ವಸ್ತುಗಳನ್ನು ಕೆಲವರು ಬೆಳ್ಳಿಯಲ್ಲಿ ಮಾಡಿಸುತ್ತಾರೆ. ಯಾಕೆ?

ನಮ್ಮ ಮಳೆಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಬೆಳ್ಳಿ ತುಕ್ಕು ಹಿಡಿಯುವುದಿಲ್ಲ. ಕಪ್ಪಾಗುತ್ತದೆ, ಅಷ್ಟೆ. ತಿಕ್ಕಿದರೆ ಮತ್ತೆ ಹೊಳೆಯುತ್ತದೆ. ಕಷ್ಟ ಬಂದರೆ ಮಾರಬಹುದು, ಅಡವಿಡಬಹುದು. ಹೀಗೆ ಅದು ಹತಾರವೂ ಹೌದು, ಗಂಟೂ ಹೌದು.

ಕೊಡಗಿನ ಪೀಚೆಕತ್ತಿ

ನಮ್ಮ ಹಾಗೆಯೇ ಕಾಫಿ ಬೆಳೆಯುವ ಜಿಲ್ಲೆ ಕೊಡಗು. ಅಲ್ಲಿ ಕೊಡವ ಗಂಡಸರು ಮದುವೆ, ಹಬ್ಬದ ದಿನ ಕುಪ್ಯ ತೊಡುತ್ತಾರೆ. ಕುಪ್ಯ ಅಂದರೆ ಉದ್ದನೆಯ ನಿಲುವಂಗಿ. ಸೊಂಟಕ್ಕೆ ರೇಷ್ಮೆಯ ಚೇಲೆ ಕಟ್ಟುತ್ತಾರೆ. ಚೇಲೆಗೆ ಮುಂದುಗಡೆ ಪೀಚೆಕತ್ತಿ ಸಿಕ್ಕಿಸುತ್ತಾರೆ.

ಪೀಚೆಕತ್ತಿಯ ಅಲಗು ಉಕ್ಕಿನದು. ಒರೆ ಮರದ್ದು. ಒರೆಯ ಮೇಲೆ ಬೆಳ್ಳಿಯ ಕೆಲಸ ಇರುತ್ತದೆ. ಕತ್ತಿಗೆ ಬೆಳ್ಳಿಯ ಸರಪಳಿಯೂ ಇರುತ್ತದೆ. ಹಳೆಯ ಕೆಲವು ಸರಪಳಿಗಳ ತುದಿಯಲ್ಲಿ ಪುಟ್ಟ ಹತಾರಗಳ ಗೊಂಚಲನ್ನೇ ಕಾಣುತ್ತೇವೆ. ಒಂದು ಚಿಮಟ. ಒಂದು ಉಗುರು ಕೆರೆಯುವ ಕಡ್ಡಿ. ಒಂದು ಕಿವಿ ಕಡ್ಡಿ. (ಈಗ ಕಿವಿಗೆ ಕಡ್ಡಿ ಹಾಕಬೇಡಿ ಅಂತ ಡಾಕ್ಟರು ಹೇಳುತ್ತಾರೆ. ಅದನ್ನು ಮರೆಯಬಾರದು.)

ನೋಡಲು ಇವು ಒಡವೆಯ ಹಾಗೆ. ಆದರೆ ಪ್ರತಿಯೊಂದೂ ಕೆಲಸಕ್ಕೆ ಬರುತ್ತದೆ. ಆಟಿಕೆಗೂ ಹತಾರಕ್ಕೂ ಇರುವ ವ್ಯತ್ಯಾಸ ಇದೇ.

ಬೆಳ್ಳಿಯ ಚಿಮಟ ಮಾಡುವುದು ಹೇಗೆ?

ಅಪ್ಪಟ ಬೆಳ್ಳಿ ಬಹಳ ಮೆತ್ತಗೆ. ಒತ್ತಿದರೆ ಬಾಗುತ್ತದೆ. ಅದಕ್ಕೇ ತಾಮ್ರ ಬೆರೆಸುತ್ತಾರೆ. 1000 ಪಾಲಿನಲ್ಲಿ 925 ಪಾಲು ಬೆಳ್ಳಿ, 75 ಪಾಲು ತಾಮ್ರ. ಇದು ಹೆಚ್ಚು ಬಳಕೆಯಲ್ಲಿರುವ ಒಂದು ಅಳತೆ.

ಅಕ್ಕಸಾಲಿಗರು ಮೂಸೆಯಲ್ಲಿ ಬೆಳ್ಳಿ ಹಾಕಿ ಬೆಂಕಿಗೆ ಇಡುತ್ತಾರೆ. ನೀರು ಕುದಿಯುವುದು 100 ಡಿಗ್ರಿಗೆ. ಅಪ್ಪಟ ಬೆಳ್ಳಿ ಕರಗಲು ಸುಮಾರು 962 ಡಿಗ್ರಿ ಕಾವು ಬೇಕು! ಕರಗಿದ ಬೆಳ್ಳಿಯನ್ನು ಅಚ್ಚಿಗೆ ಎರೆಯುತ್ತಾರೆ. ಆರಿದ ಮೇಲೆ ಸುತ್ತಿಗೆಯಿಂದ ಬಡಿದು ಪಟ್ಟಿ ಮಾಡುತ್ತಾರೆ.

ಬಡಿದ ಹಾಗೆಲ್ಲ ಬೆಳ್ಳಿ ಗಡುಸಾಗುತ್ತದೆ. ಇನ್ನೂ ಬಡಿದರೆ ಸೀಳು ಬಿಡುತ್ತದೆ. ಆಗ ಮತ್ತೆ ಕಾಯಿಸಬೇಕು. ಕಾಯಿಸಿದರೆ ಮೆತ್ತಗಾಗುತ್ತದೆ. ಹೀಗೆ ಬಡಿಯುವುದು, ಕಾಯಿಸುವುದು, ಮತ್ತೆ ಬಡಿಯುವುದು.

ಪಟ್ಟಿಯನ್ನು ನಡುವೆ ಮಡಚಿದರೆ ಚಿಮಟದ ರೂಪ ಬಂತು. ಕೊನೆಗೆ ಅದನ್ನು ಹದವಾಗಿ ಬಡಿಯುತ್ತಾರೆ. ಆಮೇಲೆ ಕಾಯಿಸುವುದಿಲ್ಲ. ಯಾಕೆ ಗೊತ್ತಾ? ಚಿಮಟಕ್ಕೆ ಗಡಸುತನ ಬೇಕು. ಒತ್ತಿದರೆ ಕೂಡಬೇಕು, ಬಿಟ್ಟರೆ ತೆರೆಯಬೇಕು. ಕಾಯಿಸಿ ಬಿಟ್ಟರೆ ಒತ್ತಿದ ಹಾಗೇ ಉಳಿದುಬಿಡುತ್ತದೆ.

ಆಮೇಲೆ ತುದಿಗಳನ್ನು ಅರದಿಂದ ಉಜ್ಜುತ್ತಾರೆ. ಚಿಮಟವನ್ನು ಒತ್ತಿ ಬೆಳಕಿಗೆ ಹಿಡಿಯಿರಿ. ತುದಿಗಳ ನಡುವೆ ಬೆಳಕು ಕಾಣಬಾರದು. ತಲೆಕೂದಲೊಂದನ್ನು ಹಿಡಿದು ಎಳೆಯಿರಿ. ಕೂದಲು ಜಾರದಿದ್ದರೆ ಚಿಮಟ ಸರಿಯಾಗಿದೆ.

ಅಲಗಿಗೆ ಮಾತ್ರ ಬೆಳ್ಳಿ ಆಗುವುದಿಲ್ಲ. ಅದರ ಹರಿತ ನಿಲ್ಲುವುದಿಲ್ಲ. ಅದಕ್ಕೇ ಕತ್ತಿಗೆ, ಅಡಕತ್ತರಿಗೆ ಉಕ್ಕಿನ ಅಲಗು ಬೇಕು.

ಹಿಡಿಗೆ ಯಾವ ಮರ?

ಬೀಟೆ ಮರ ಗಟ್ಟಿ, ಬಣ್ಣವೂ ಚಂದ. ಆದರೆ ಬೀಟೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಸ್ವಂತ ಜಮೀನಿನಲ್ಲಿದ್ದರೂ ಬೇಕು.

ಕಾಫಿ ಗಿಡದ ಬೊಡ್ಡೆಯೂ ಗಟ್ಟಿಯೇ. ಕಿತ್ತ ಹಳೇ ಗಿಡದ ಬೊಡ್ಡೆಯಿಂದ ಟೀಪಾಯಿ ಮಾಡುವುದನ್ನು ನಾವು ಕಂಡಿದ್ದೇವೆ. ಪುಟ್ಟ ಹತಾರದ ಹಿಡಿಗೆ ಹೆಬ್ಬೆರಳಷ್ಟು ತುಂಡು ಸಾಕು. ಆದರೆ ಮರ ಚೆನ್ನಾಗಿ ಒಣಗಿರಬೇಕು. ಹಸಿ ಮರ ಒಣಗುತ್ತಾ ಕುಗ್ಗುತ್ತದೆ. ಆಗ ಬೆಳ್ಳಿಯ ಬಳೆ ಸಡಿಲವಾಗಿ ಕಳಚಿ ಬೀಳುತ್ತದೆ.

ತೂಕದ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಒಬ್ಬ ಅಕ್ಕ ಮರದ ಹಿಡಿ ಇರುವ ಬೆಳ್ಳಿ ಚಮಚ ಕೊಳ್ಳಲು ಹೋದರು ಅಂತಿಟ್ಟುಕೊಳ್ಳಿ.

"ಎಷ್ಟು ತೂಕ ಆಚಾರ್ರೇ?"

"18 ಗ್ರಾಂ ಅಮ್ಮ."

"ಮರ ಸೇರಿಸಿಯೋ, ಬಿಟ್ಟೋ?"

"ಸೇರಿಸಿ ಅಮ್ಮ. ಮರ 6 ಗ್ರಾಂ."

"ಹಾಗಾದರೆ ಬೆಳ್ಳಿ 12 ಗ್ರಾಂ. ಅಷ್ಟನ್ನೇ ಬರೆಯಿರಿ."

ಬೆಳ್ಳಿಯ ದರ ದಿನವೂ ಬದಲಾಗುತ್ತದೆ. ಲೆಕ್ಕಕ್ಕೆ ಗ್ರಾಂಗೆ 100 ರೂಪಾಯಿ ಎಂದಿಟ್ಟುಕೊಳ್ಳೋಣ. 18 ಗ್ರಾಂಗೆ 1800 ರೂಪಾಯಿ. 12 ಗ್ರಾಂಗೆ 1200 ರೂಪಾಯಿ. ಒಂದೇ ಒಂದು ಪ್ರಶ್ನೆ ಕೇಳಿದ್ದಕ್ಕೆ 600 ರೂಪಾಯಿ ಉಳಿಯಿತು!

ಕೇಳದಿದ್ದರೆ ಏನಾಗುತ್ತಿತ್ತು? ಮುಂದೆ ಕಷ್ಟಕಾಲದಲ್ಲಿ ಮಾರಲು ಹೋದಾಗ ಹಿಡಿ ಕಳಚಿ ತೂಗುತ್ತಾರೆ. "ಬೆಳ್ಳಿ 12 ಗ್ರಾಂ ಮಾತ್ರ" ಅನ್ನುತ್ತಾರೆ. ಮರಕ್ಕೆ ಕೊಟ್ಟ ದುಡ್ಡು ನೀರಿಗೆ ಹಾಕಿದ ಹಾಗೆ. ಟೊಳ್ಳಾದ ವಸ್ತುವಿನ ಒಳಗೆ ಅರಗು ತುಂಬುವುದೂ ಉಂಟು. ಅರಗಿನ ತೂಕವನ್ನೂ ಕಳೆಯಬೇಕು. ಮಾಡಿಸುವುದಾದರೆ ಹಿಡಿ ಹಾಕುವ ಮೊದಲೇ, ಅರಗು ತುಂಬುವ ಮೊದಲೇ ತೂಗಿಸಿ.

ಕೆಲಸಗಾರರ ಕೂಲಿ ಕೊಡಲೇಬೇಕು. ಪುಟ್ಟ ವಸ್ತುವಿಗೆ ಬೆಳ್ಳಿ ಕಡಿಮೆ, ಕೆಲಸ ಹೆಚ್ಚು. ಕೂಲಿಯ ಬೆಲೆ ನಮಗೆ ಗೊತ್ತಿಲ್ಲದ್ದೇ? ಆದರೆ ಕೂಲಿಯನ್ನು ಕೂಲಿ ಅಂತಲೇ ಬರೆಯಲಿ. ಮರವನ್ನು ಬೆಳ್ಳಿ ಅಂತ ಬರೆಯಬಾರದು.

ಗುರುತು ಓದೋಣ

ಬೆಳ್ಳಿಯ ಮೇಲೆ 925 ಎಂದಿದ್ದರೆ ಅರ್ಥ ನಿಮಗೆ ಈಗ ಗೊತ್ತು. ಚಿನ್ನದ ಮೇಲೆ 916 ಎಂದಿದ್ದರೆ ಅದು 22 ಕ್ಯಾರೆಟ್. 1000 ಪಾಲಿನಲ್ಲಿ 916 ಪಾಲು ಚಿನ್ನ. ಹಾಲ್‌ಮಾರ್ಕ್ ಇರುವ ಚಿನ್ನದ ಮೇಲೆ 6 ಅಕ್ಷರ, ಅಂಕಿಗಳ ಒಂದು ಗುರುತೂ ಇರುತ್ತದೆ. 2021ರಲ್ಲಿ ಈ ಪದ್ಧತಿ ಬಂತು. 'ಬಿಐಎಸ್ ಕೇರ್' ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಗುರುತು ಹಾಕಿ ಪರೀಕ್ಷಿಸಬಹುದು.

ಒಂದು ಮಾತು ನೆನಪಿರಲಿ. 2 ಗ್ರಾಂಗಿಂತ ಕಡಿಮೆ ತೂಕದ ಚಿನ್ನದ ವಸ್ತುವಿಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ಅಂದರೆ ವಸ್ತು ಪುಟ್ಟದಾದಷ್ಟೂ ನಾವು ಹೆಚ್ಚು ಎಚ್ಚರ ಇರಬೇಕು. ಬಿಲ್ಲು ಕೇಳಿ ಪಡೆಯಿರಿ. ಅಲ್ಲೇ ನಿಂತು ಓದಿ. ಹೆಬ್ಬೆಟ್ಟು ಒತ್ತುವ ಕಾಲ ಮುಗಿಯಿತು.

ಅಭ್ಯಾಸ

1. ಚಿಮಟವನ್ನು ಕೊನೆಯಲ್ಲಿ ಯಾಕೆ ಕಾಯಿಸುವುದಿಲ್ಲ?
2. ಒಂದು ಕತ್ತಿಯ ಒರೆ 40 ಗ್ರಾಂ. ಅದರಲ್ಲಿ ಮರ 15 ಗ್ರಾಂ. ಬೆಳ್ಳಿ ಎಷ್ಟು?
3. ನಿಮ್ಮ ಮನೆಯ ಒಂದು ಬೆಳ್ಳಿ ವಸ್ತುವಿನ ಮೇಲಿನ ಗುರುತು ಓದಿ. ಪುಸ್ತಕದಲ್ಲಿ ಬರೆಯಿರಿ.
4. ಬಿಲ್ಲಿನಲ್ಲಿ ಇವು ಇವೆಯೇ ನೋಡಿ: ವಸ್ತುವಿನ ಹೆಸರು, ತೂಕ, ಶುದ್ಧತೆ, ದರ, ಕೂಲಿ, ಒಟ್ಟು ಹಣ.