ವಿದ್ಯುದ್ವಾಹನ ಮತ್ತು ಪೆಟ್ರೋಲ್ ವಾಹನ: ಒಂದು ತುಲನೆ

ಬೆಂಗಳೂರಿನ ಶೇಷಾದ್ರಿಪುರವು ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರನ್ನು ಹೊತ್ತ ಬಡಾವಣೆ. 1883ರಿಂದ 1901ರವರೆಗೆ ದಿವಾನಗಿರಿ ನಡೆಸಿದ ಆ ಮಹನೀಯರು ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ವಿದ್ಯುತ್ತನ್ನು ಪಡೆಯುವ ಯೋಜನೆಗೆ ಕಾರಣಪುರುಷರು. 1902ರಲ್ಲಿ ಆ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. 1901ರಲ್ಲಿಯೇ ಕಾಲವಶರಾದ ದಿವಾನರು ಇವೆರಡನ್ನೂ ಕಾಣಲಿಲ್ಲ. ಅಂದು ಗಣಿಯ ಯಂತ್ರಗಳನ್ನು ತಿರುಗಿಸಲು ಬಂದ ಶಕ್ತಿಯೇ ಇಂದು ಅವರ ಹೆಸರಿನ ಬೀದಿಗಳಲ್ಲಿ ಎರಡು ಗಾಲಿಗಳ ಮೇಲೆ ಸದ್ದಿಲ್ಲದೆ ಸಂಚರಿಸುತ್ತಿದೆ. ಮನೆಗೊಂದು ಗಾಡಿ ಕೊಳ್ಳಲು ಹೊರಟ ಗೃಹಸ್ಥನ ಮುಂದೆ, ಪೆಟ್ರೋಲಿನದೋ ವಿದ್ಯುತ್ತಿನದೋ ಎಂಬ ಪ್ರಶ್ನೆ ಬಂದು ನಿಂತಿದೆ. ಕೊಳ್ಳುವ ಹಣ ಬಹುಮಟ್ಟಿಗೆ ಸಾಲದ ಹಣವಾದ್ದರಿಂದ ಈ ಪ್ರಶ್ನೆಯನ್ನು ಜಾಹೀರಾತುಗಳಿಗೆ ಬಿಟ್ಟುಕೊಡುವಂತಿಲ್ಲ.

ದ್ವಿಚಕ್ರ ವಾಹನಕ್ಕೆ ಕನ್ನಡ ನಾಡು ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಜಾವಾ ಮೋಟಾರು ಸೈಕಲ್ಲುಗಳನ್ನೂ ಮುಂದೆ ಯೆಜ್ಡಿಗಳನ್ನೂ ತಯಾರಿಸಿ 1996ರಲ್ಲಿ ಮುಚ್ಚಿಹೋಯಿತು. ವಿದ್ಯುದ್ವಾಹನದ ವಿಷಯದಲ್ಲಿಯೂ ಬೆಂಗಳೂರು ಹಿಂದೆ ಬಿದ್ದಿಲ್ಲ. 2001ರಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಇಲ್ಲಿಂದಲೇ ಹೊರಬಂದಿತು. 2018ರಲ್ಲಿ ಏಥರ್ ಸಂಸ್ಥೆಯ ಸ್ಕೂಟರು, 2022ರಲ್ಲಿ ಅಲ್ಟ್ರಾವಯೊಲೆಟ್ ಸಂಸ್ಥೆಯ ಎಫ್77 ಮೋಟಾರು ಸೈಕಲ್ಲು ಈ ನಗರದಲ್ಲಿಯೇ ಮಾರುಕಟ್ಟೆಗೆ ಬಂದವು. ವಿದ್ಯುದ್ವಾಹನಗಳಿಗಾಗಿ ಪ್ರತ್ಯೇಕ ನೀತಿಯೊಂದನ್ನು 2017ರಲ್ಲಿ ಪ್ರಕಟಿಸಿ ಕರ್ನಾಟಕವು ಇತರ ರಾಜ್ಯಗಳಿಗಿಂತ ಮುಂದೆ ನಡೆಯಿತು.

ಇವೆರಡು ಬಗೆಯ ಗಾಡಿಗಳ ಭೇದವು ಯಂತ್ರದ ಒಳಗಿದೆ. ಪೆಟ್ರೋಲ್ ಎಂಜಿನ್ನು ಇಂಧನವನ್ನು ಸುಟ್ಟು, ಆ ಶಾಖವನ್ನು ಚಲನೆಯಾಗಿ ಮಾರ್ಪಡಿಸುತ್ತದೆ. ಸುಟ್ಟದ್ದರ ಮುಕ್ಕಾಲು ಪಾಲು ಬಿಸಿಯಾಗಿ, ಹೊಗೆಯಾಗಿ ವ್ಯರ್ಥವಾಗುತ್ತದೆ. ಗಾಲಿಗೆ ದಕ್ಕುವುದು ಉಳಿದ ಕಾಲುಪಾಲು. ವಿದ್ಯುತ್ ಮೋಟಾರಿನಲ್ಲಿ ಈ ಅಪವ್ಯಯ ಅತ್ಯಲ್ಪ. ಒಂದು ಲೀಟರ್ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯು ಸುಮಾರು 9 ಯೂನಿಟ್ ವಿದ್ಯುತ್ತಿಗೆ ಸಮ. ನೂರು ಕಿಲೋಮೀಟರ್ ಹಾದಿಗೆ ಎರಡು ಲೀಟರ್ ಕುಡಿಯುವ ಮೋಟಾರು ಸೈಕಲ್ಲು 18 ಯೂನಿಟ್ಟಿನಷ್ಟು ಶಕ್ತಿಯನ್ನು ಕಬಳಿಸಿದರೆ, ವಿದ್ಯುತ್ ಸ್ಕೂಟರು ಅದೇ ಹಾದಿಯನ್ನು ಮೂರು ಮೂರೂವರೆ ಯೂನಿಟ್ಟುಗಳಲ್ಲಿ ಮುಗಿಸುತ್ತದೆ. ಬ್ರೇಕು ಹಿಡಿದಾಗ ಮೋಟಾರೇ ಡೈನಮೋ ಆಗಿ ತಿರುಗಿ ಕೊಂಚ ಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುವ ಏರ್ಪಾಡು ಹಲವು ಗಾಡಿಗಳಲ್ಲಿದೆ. ಮಾರಿಗೊಂದು ಸಿಗ್ನಲ್ಲು ಇರುವ ಊರಿನಲ್ಲಿ ಇದು ಸಣ್ಣ ಲಾಭವಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಪೆಟ್ರೋಲ್ ಎಂಜಿನ್ನು ಸುಮ್ಮನೆ ಉರಿಯುತ್ತಿರುತ್ತದೆ, ಮೋಟಾರು ಸುಮ್ಮನಿರುತ್ತದೆ.

ಇನ್ನು ಹಣದ ಲೆಕ್ಕ. ಬೆಂಗಳೂರಿನಲ್ಲಿ ಪೆಟ್ರೋಲಿನ ಬೆಲೆ 2021ರ ಜೂನ್‌ನಲ್ಲಿ ಲೀಟರಿಗೆ ನೂರು ರೂಪಾಯಿ ದಾಟಿತು. ಲೆಕ್ಕದ ಸೌಕರ್ಯಕ್ಕಾಗಿ ಲೀಟರಿಗೆ 100 ರೂಪಾಯಿ, ವಿದ್ಯುತ್ತಿನ ಯೂನಿಟ್ಟಿಗೆ 7 ರೂಪಾಯಿ ಎಂದು ಇಟ್ಟುಕೊಳ್ಳಬಹುದು. ಶೇಷಾದ್ರಿಪುರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವ ನೌಕರನೊಬ್ಬ ದಿನಕ್ಕೆ 40 ಕಿಲೋಮೀಟರಿನಂತೆ ತಿಂಗಳ 25 ದಿನಗಳಲ್ಲಿ 1000 ಕಿಲೋಮೀಟರ್ ಸವಾರಿ ಮಾಡುತ್ತಾನೆಂದು ಭಾವಿಸಿದರೆ, ಪೆಟ್ರೋಲಿಗೆ 2000 ರೂಪಾಯಿ ತಗಲುತ್ತದೆ. 35 ಯೂನಿಟ್ ವಿದ್ಯುತ್ತಿಗೆ 245 ರೂಪಾಯಿ. ವಿದ್ಯುತ್ ಗಾಡಿಗೆ ಮೊದಲಲ್ಲಿ 35,000 ರೂಪಾಯಿ ಹೆಚ್ಚು ತೆತ್ತಿದ್ದರೂ ಇಪ್ಪತ್ತು ತಿಂಗಳಲ್ಲಿ ಅದು ತೀರಿಹೋಗುತ್ತದೆ. ಆದರೆ ವಿಧಾನಸೌಧದ ಕಚೇರಿಗೆ ದಿನವೂ ಆರು ಕಿಲೋಮೀಟರ್ ಮಾತ್ರ ಹೋಗಿಬರುವ ಗುಮಾಸ್ತನ ಲೆಕ್ಕವೇ ಬೇರೆ. ಅವನಿಗೆ ತಿಂಗಳಿಗೆ ಬೇಕಾದುದು ಮೂರು ಲೀಟರ್ ಪೆಟ್ರೋಲು. ವಿದ್ಯುತ್ತಿನಿಂದ ಅವನಿಗೆ ಉಳಿಯುವುದು 260 ರೂಪಾಯಿ ಚಿಲ್ಲರೆ. ಅದೇ 35,000 ಹಿಂದಿರುಗಲು ಹನ್ನೊಂದು ವರ್ಷ ಬೇಕು; ಅಷ್ಟರೊಳಗೆ ಬ್ಯಾಟರಿಯೇ ಮುಪ್ಪಾಗಿರುತ್ತದೆ. ಅಂದರೆ ಹೆಚ್ಚು ದೂರ ತಿರುಗುವವನಿಗೇ ಈ ಗಾಡಿ ಹೆಚ್ಚು ಉಳಿಸಿಕೊಡುತ್ತದೆ. ಅಂಗಡಿಯವನು ಹೇಳುವ ಲೆಕ್ಕದಲ್ಲಿ ಈ ಎರಡನೆಯ ಗುಮಾಸ್ತ ಕಾಣಿಸಿಕೊಳ್ಳುವುದು ಅಪರೂಪ.

ಗೃಹಜ್ಯೋತಿಯ ಫಲಾನುಭವಿಗಳು ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. 2023ರಲ್ಲಿ ಜಾರಿಗೆ ಬಂದ ಆ ಯೋಜನೆಯ ನಿಯಮದಂತೆ ಮನೆಯ ಹಿಂದಿನ ಸರಾಸರಿ ಬಳಕೆಗೆ ಶೇಕಡಾ ಹತ್ತು ಸೇರಿಸಿದಷ್ಟು ವಿದ್ಯುತ್ತು ಉಚಿತ; ಬಳಕೆ 200 ಯೂನಿಟ್ ಮೀರಿದ ತಿಂಗಳು ಪೂರ್ಣ ಬಿಲ್ಲನ್ನು ತೆರಬೇಕು. ತಿಂಗಳಿಗೆ 175 ಯೂನಿಟ್ ಬಳಸುತ್ತಿದ್ದ ಸಂಸಾರಕ್ಕೆ ಗಾಡಿಯ 35 ಸೇರಿದರೆ 210 ಆಗುತ್ತದೆ. ಆಗ ತೆರಬೇಕಾದುದು 245 ಅಲ್ಲ, 1470 ರೂಪಾಯಿ. ಪೆಟ್ರೋಲಿನಿಂದ ಉಳಿದ 2000ದಲ್ಲಿ ಬಹುಪಾಲು ಅಲ್ಲಿಗೇ ಸೋರಿಹೋಯಿತು. ಗಾಡಿ ಕೊಳ್ಳುವ ಮುನ್ನ ಹಳೆಯ ಬಿಲ್ಲುಗಳನ್ನು ತೆಗೆದು ನೋಡುವುದು ವಿವೇಕ.

ವಿದ್ಯುದ್ವಾಹನಕ್ಕೆ ಹೊಗೆಯಿಲ್ಲವೆಂಬ ಮಾತು ಅರ್ಧ ಸತ್ಯ. ಬೀದಿಯಲ್ಲಿ ಹೊಗೆಯಿಲ್ಲ ಎಂಬುದು ದಿಟ. ಬೆಳಗಿನ ಹೊತ್ತು ಗಾಡಿಗಳ ಸಾಲಿನ ಪಕ್ಕದಲ್ಲಿ ಶಾಲೆಗೆ ನಡೆದುಹೋಗುವ ಮಕ್ಕಳ ಪುಪ್ಪುಸಗಳಿಗೆ ಅದರ ಬೆಲೆ ಗೊತ್ತು. ಆದರೆ ಆ ಗಾಡಿಯ ವಿದ್ಯುತ್ತಿನಲ್ಲಿ ಒಂದು ಪಾಲು ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯಲ್ಲಿ ಕಲ್ಲಿದ್ದಲನ್ನು ಸುಟ್ಟು ಪಡೆದದ್ದು. ಅಲ್ಲಿನ ಹೊಗೆ, ಹಾರುಬೂದಿಗಳನ್ನು ಅನುಭವಿಸುವವರು ಬೆಂಗಳೂರಿನವರಲ್ಲ. ಶರಾವತಿಯ ಜಲವಿದ್ಯುತ್ತು, ಕೈಗಾದ ಪರಮಾಣು ವಿದ್ಯುತ್ತು, ಪಾವಗಡದ 2050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಇವೂ ಕರ್ನಾಟಕಕ್ಕಿವೆ. ಆದರೆ ಸೂರ್ಯನು ಹಗಲಿನವನು. ನೌಕರನು ಗಾಡಿಗೆ ಚಾರ್ಜು ಹಾಕುವುದು ರಾತ್ರಿ. ಒಂದು ಲೀಟರ್ ಪೆಟ್ರೋಲು ಉರಿದಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಸುಮಾರು 2.3 ಕಿಲೋಗ್ರಾಂ, ದೇಶದ ಸರಾಸರಿಯಂತೆ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋಗ್ರಾಂ. ನೂರು ಕಿಲೋಮೀಟರಿಗೆ ಪೆಟ್ರೋಲ್ ಗಾಡಿಯದು 4.6, ವಿದ್ಯುತ್ ಗಾಡಿಯದು ಸುಮಾರು 2.5 ಎಂದಾಯಿತು. ತಂತಿಯಲ್ಲಿ ಸೋರುವ ವಿದ್ಯುತ್ತನ್ನೂ ಬ್ಯಾಟರಿಯ ತಯಾರಿಕೆಯನ್ನೂ ಕೂಡಿಸಿದರೆ ಅಂತರ ಕಿರಿದಾಗುತ್ತದೆ, ಅಳಿಯುವುದಿಲ್ಲ.

ಬ್ಯಾಟರಿಯ ಮುಖ್ಯ ದ್ರವ್ಯ ಲಿಥಿಯಂ. ಮಂಡ್ಯ ಜಿಲ್ಲೆಯ ಮರ್ಲಗಲ್ಲದ ಸುತ್ತ ಈ ಲೋಹದ ನಿಕ್ಷೇಪವನ್ನು ಗುರುತಿಸಲಾಗಿದೆ. 1600 ಟನ್ ಇರಬಹುದೆಂದು 2021ರಲ್ಲಿ ಅಂದಾಜಾಯಿತು. ಶಿವನಸಮುದ್ರವಿರುವುದೂ ಅದೇ ಜಿಲ್ಲೆ. ಆದರೆ ನೆಲದೊಳಗಿನದು ಗಾಡಿಯೊಳಗೆ ಬರುವ ಹಾದಿ ಉದ್ದವಾದದ್ದು. ಪೆಟ್ರೋಲಿನ ಕಚ್ಚಾ ತೈಲದ ಶೇಕಡಾ 85ಕ್ಕೂ ಮಿಕ್ಕ ಭಾಗವನ್ನು ದೇಶವು ಹೊರಗಿನಿಂದ ತರಿಸಿಕೊಳ್ಳುತ್ತಿರುವಂತೆ, ಲಿಥಿಯಮ್ಮಿಗೂ ಹೊರಗಿನವರ ಕೈಯನ್ನೇ ನೋಡಬೇಕಾಗಿದೆ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದು ಜನರನ್ನು ಬೆಚ್ಚಿಬೀಳಿಸಿದವು. ಆ ವರ್ಷದ ಕೊನೆಗೆ ಬ್ಯಾಟರಿ ಪರೀಕ್ಷೆಯ ನಿಯಮಗಳು ಬಿಗಿಗೊಂಡವು. ಪೆಟ್ರೋಲೂ ಬೆಂಕಿಯ ನೆಂಟನೇ ಆದರೂ ಅದು ರಾತ್ರಿ ಮನೆಯ ಪಡಸಾಲೆಯಲ್ಲಿ ಚಾರ್ಜಿಗೆ ಕೂರುವುದಿಲ್ಲ. ಊರಿಗೆ, ತುಮಕೂರಿನಾಚೆ, ಹಬ್ಬಕ್ಕೆಂದು ಹೊರಡುವವನಿಗೆ ಪೆಟ್ರೋಲ್ ಗಾಡಿಯೇ ಇಂದಿಗೂ ನಿಶ್ಚಿಂತೆ.

ಬೀದಿಯಂಚಿನ ಗ್ಯಾರೇಜುಗಳ ಗತಿಯನ್ನು ಈ ಚರ್ಚೆಯಲ್ಲಿ ಯಾರೂ ನೆನೆಯುವುದಿಲ್ಲ. ಎಂಜಿನ್ ಆಯಿಲ್, ಸ್ಪಾರ್ಕ್ ಪ್ಲಗ್, ಕಾರ್ಬ್ಯುರೇಟರುಗಳ ಮೇಲೆ ಬದುಕು ಕಟ್ಟಿಕೊಂಡ ಮೇಸ್ತ್ರಿಗೆ ಮೋಟಾರಿನ ಗಾಡಿಯಲ್ಲಿ ಉಳಿಯುವ ಕೆಲಸ ಟೈರು, ಬ್ರೇಕುಗಳದಷ್ಟೇ. ಮಿಕ್ಕದ್ದು ಕಂಪನಿಯ ಕೈಯಲ್ಲಿರುವ ತಂತ್ರಾಂಶ. ಗಾಡಿಯ ಒಡೆಯನಿಗೆ ಉಳಿಯುವ ದುಡ್ಡು ಆ ಮೇಸ್ತ್ರಿಯ ಗಲ್ಲದಿಂದಲೂ ಒಂದಿಷ್ಟು ಬಂದದ್ದು.

ಕಡೆಗೆ ಹಳೆಯ ಬೆಂಗಳೂರಿನ ವಠಾರಗಳ ಮಾತು. ಶೇಷಾದ್ರಿಪುರ, ಮಲ್ಲೇಶ್ವರ, ಚಾಮರಾಜಪೇಟೆಗಳ ಕಿರಿದಾದ ನಿವೇಶನಗಳಲ್ಲಿ ಮೂರನೆಯ ಮಹಡಿಯ ಬಾಡಿಗೆದಾರನ ಗಾಡಿ ರಸ್ತೆಯಲ್ಲಿ ನಿಲ್ಲುತ್ತದೆ. ಕಿಟಕಿಯಿಂದ ತಂತಿ ಇಳಿಬಿಟ್ಟು ಚಾರ್ಜು ಮಾಡುವುದು ಮಳೆಗಾಲದಲ್ಲಿ ಪ್ರಾಣಾಂತಿಕ. ಬ್ಯಾಟರಿಯನ್ನು ಬಿಚ್ಚಿ ಮೇಲಕ್ಕೆ ಒಯ್ಯಬಹುದಾದ ಗಾಡಿಗಳಿವೆ. ಹೊತ್ತು ಮೆಟ್ಟಿಲೇರುವ ಕಸುವು ಇರಬೇಕು. ಇಲ್ಲವಾದರೆ ಮನೆಯ ಮಾಲೀಕರನ್ನು ಒಪ್ಪಿಸಿ ಕೆಳಗೊಂದು ಪ್ಲಗ್ಗು, ಅದಕ್ಕೊಂದು ಬೇರೆ ಸಬ್‌ಮೀಟರು ಹಾಕಿಸಿಕೊಳ್ಳಬೇಕು. ಮಾಲೀಕರು ಒಪ್ಪದಿದ್ದರೆ ಪೆಟ್ರೋಲಿನ ಗಾಡಿಯೇ ಗತಿ. ಅಥವಾ ಕಾಲ್ನಡಿಗೆಯಲ್ಲಿ ಸಂಪಿಗೆ ರಸ್ತೆಯ ಮೆಟ್ರೋ ನಿಲ್ದಾಣಕ್ಕೆ ಹೋಗಿ, ಅದೇ ವಿದ್ಯುತ್ತಿನಿಂದ ಓಡುವ ರೈಲನ್ನು ಹತ್ತಬೇಕು.