ಫ್ಲೋರೈಡಿಗೆ ಬಲವಂತ ಬೇಡ

ನೋಡಮ್ಮ, ಹೊಸ ಲ್ಯಾಬಿಗೆ ಸೇರಿ ಎರಡು ವಾರವಾಗಿಲ್ಲ, ಆಗಲೇ ‘193 ನ್ಯಾನೊಮೀಟರಿಗೆ ಕೋಟಿಂಗ್ ಹಾಕಬೇಕಂತೆ ಅಂಕಲ್, ಏನಾದ್ರೂ ಹೇಳಿಕೊಡಿ’ ಅಂದೆ. ಹೇಳಿಕೊಡೋದು ಹೆಚ್ಚೇನಿಲ್ಲ. ಆಕ್ಸೈಡಿನಲ್ಲಿ ಪಳಗಿದ ನಿನ್ನ ಕೈಗೆ ಸ್ವಲ್ಪ ಲಗಾಮು ಹಾಕು, ಅಷ್ಟೆ.

ನೀನು ಹಾಕುತ್ತಿದ್ದ ಟೈಟಾನಿಯಂ ಆಕ್ಸೈಡ್ ಈ ಬೆಳಕನ್ನು ನುಂಗಿಬಿಡುತ್ತೆ. ಇಲ್ಲಿ ಫೋಟಾನಿನ ಶಕ್ತಿ 6.4 ಎಲೆಕ್ಟ್ರಾನ್ ವೋಲ್ಟ್. ಮೆಗ್ನೀಸಿಯಂ ಫ್ಲೋರೈಡಿನ ಬ್ಯಾಂಡ್ ಗ್ಯಾಪ್ 10ಕ್ಕೂ ಮೇಲಿರೋದರಿಂದ ಅದು ಬೆಳಕನ್ನು ಹಾಯಗೊಡುತ್ತೆ. ಅದರ ವಕ್ರೀಭವನ ಸೂಚ್ಯಂಕ ಸುಮಾರು 1.43, ಜೊತೆಗೆ ಹಾಕುವ ಲ್ಯಾಂಥನಂ ಫ್ಲೋರೈಡಿನದು 1.7ರ ಆಸುಪಾಸು. ಅಂತರ ಕಮ್ಮಿ, ಹಾಗಾಗಿ ಕನ್ನಡಿಗೆ ಪದರ ಜಾಸ್ತಿ ಬೇಕು. ಪದರ ಏರಿದಷ್ಟೂ ಬಿರುಕಿನ ಭಯ.

ಆವಿಯಾಗಿಸುವ ಲೋಹದ ಬೋಟಿನಲ್ಲಿ ಫ್ಲೋರೈಡ್ ಹರಳನ್ನು ಮೆಲ್ಲಗೆ ಕಾಯಿಸು. ಅವಸರಪಟ್ಟರೆ ಒಗ್ಗರಣೆ ಸಾಸಿವೆಯಂತೆ ಸಿಡಿದು ಗಾಜಿನ ತುಂಬ ಚುಕ್ಕೆ. ಗಾಜು 300 ಡಿಗ್ರಿ ಹತ್ತಿರ ಬಿಸಿಯಿರಲಿ. ತಣ್ಣಗಿದ್ದರೆ ಫಿಲ್ಮ್ ಕಂಬಕಂಬವಾಗಿ ಬೆಳೆದು, ನಡುವಿನ ಸಂದಿಯಲ್ಲಿ ನೀರಾವಿ ಸೇರಿಕೊಳ್ಳುತ್ತೆ.

ಆ ಸಂದಿ ಮುಚ್ಚೋಣ ಅಂತ ನಾನೊಮ್ಮೆ ಅಯಾನ್ ಬೀಮ್ ಜೋರು ಮಾಡಿದೆ. ಆಕ್ಸೈಡಿಗೆ ಅದೇ ತಾನೆ ಮದ್ದು? ಗಾಜನ್ನು ಕಿಟಕಿಗೆ ಹಿಡಿದು ನೋಡಿದರೆ ತಿಳಿನೀರು. ಸ್ಪೆಕ್ಟ್ರೋಫೋಟೋಮೀಟರಿಗೆ ಇಟ್ಟರೆ 193ರಲ್ಲಿ ಗೆರೆ ಕುಸಿದು ಬಿದ್ದಿತ್ತು. ಅಯಾನುಗಳ ಹೊಡೆತಕ್ಕೆ ಫ್ಲೋರಿನ್ ಎದ್ದುಹೋಗಿ, ಅದು ಬಿಟ್ಟ ಖಾಲಿ ಜಾಗಗಳು ಬೆಳಕು ಹೀರುತ್ತಿದ್ದವು. ಆಕ್ಸೈಡಾದರೆ ಚೇಂಬರಿಗೆ ಆಮ್ಲಜನಕ ಬಿಟ್ಟು ಕೊರತೆ ತುಂಬಿಸಬಹುದು. ಫ್ಲೋರಿನ್ ಬಿಡೋದು ಹುಡುಗಾಟವಲ್ಲ, ವಿಷಾನಿಲ ಅದು. ಎರಡು ದಿನದ ಕೆಲಸ ಕಸದ ಬುಟ್ಟಿಗೆ ಹೋಯಿತು.

ಸಂದಿಗೆ ನೀರಾವಿ ಸೇರಿದೆಯೋ ಇಲ್ಲವೋ ತಿಳಿಯಲು, ಇವತ್ತು ಅಳೆದದ್ದನ್ನು ವಾರ ಬಿಟ್ಟು ಮತ್ತೆ ಅಳೆ. ಎರಡೂ ಗೆರೆ ಒಂದರ ಮೇಲೊಂದು ಕೂತರೆ ಮಾತ್ರ ನಂಬು.

ಇನ್ನು ಜಿಡ್ಡಿನ ವಿಷಯ. ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹ ಹಾರಿದ್ದು 2015ರ ಸೆಪ್ಟೆಂಬರ್ 28ಕ್ಕೆ. ಹೊಸಕೋಟೆಯಲ್ಲಿ ಜೋಡಿಸಿದ ಅದರ ಯುವಿಐಟಿ ಎಂಬ ನೇರಳಾತೀತ ದೂರದರ್ಶಕದ ಕನ್ನಡಿಗಳಿಗೂ ಅಲ್ಯೂಮಿನಿಯಂ ಮೇಲೆ ಇದೇ ಮೆಗ್ನೀಸಿಯಂ ಫ್ಲೋರೈಡ್. ಉಪಗ್ರಹದಿಂದಲೇ ಹೊರಡುವ ಆವಿ ಒಳಗೆ ಜಿಡ್ಡಾಗಿ ಕೂತೀತೆಂದು ನವೆಂಬರ್ 30ರವರೆಗೆ ದೂರದರ್ಶಕದ ಬಾಗಿಲನ್ನೇ ತೆರೆಯಲಿಲ್ಲ. ಆ ತಂಡದವರು ಎರಡು ತಿಂಗಳು ಕಾದರು. ನೀನು ಮೊನ್ನೆ ಬರಿಗೈಯಲ್ಲೇ ಗಾಜಿನ ಅಂಚು ಹಿಡಿದಿದ್ದೆ. ಗ್ಲೌಸಿನ ಡಬ್ಬ ಬಾಗಿಲ ಎಡಕ್ಕೆ, ಮೇಲಿನ ಶೆಲ್ಫಿನಲ್ಲಿದೆ.